ನಡು ಎಂಜಿನ್ ಕಾರು ಕೆಟ್ಟು ನಿಂತರೆ: ಕ್ರೇನಾ, ಫ್ಲಾಟ್‌ಬೆಡ್ಡಾ, ಟ್ರೇಲರಾ?

ಮಳೆಗಾಲ ಮುಗಿಯಿತೆಂದರೆ ನಮ್ಮ ಹೆದ್ದಾರಿ 66ರಲ್ಲಿ ಬೆಂಗಳೂರು, ಮುಂಬೈ ನಂಬರಿನ ಸ್ಪೋರ್ಟ್ಸ್ ಕಾರುಗಳು ಕಾಣಿಸತೊಡಗುತ್ತವೆ. ಗೋವಾಕ್ಕೆ ಹೊರಟವು ಕೆಲವು, ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಬಂದವು ಕೆಲವು. ಅದರಲ್ಲೊಂದು ಅಂಕೋಲಾ ಹತ್ತಿರವೋ ಕಾರವಾರದ ಹತ್ತಿರವೋ ಕೆಟ್ಟು ನಿಂತಿತು ಅನ್ನಿ. ಜನ ಸೇರುತ್ತಾರೆ, ಫೋಟೋ ತೆಗೆಯುತ್ತಾರೆ, ಯಾರೋ ಪುಣ್ಯಾತ್ಮರು ಕ್ರೇನ್‌ಗೆ ಫೋನೂ ಮಾಡಿಬಿಡುತ್ತಾರೆ. ತೊಂದರೆ ಶುರುವಾಗುವುದು ಆ ಕ್ರೇನ್ ಬಂದ ಮೇಲೆ.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಬೇಗ ಬರುವ ಗಾಡಿಗಿಂತ ನಾಲ್ಕೂ ಚಕ್ರ ಹೊತ್ತುಕೊಂಡು ಹೋಗುವ ಗಾಡಿಗೆ ಅರ್ಧ ದಿನ ಕಾದರೂ ನಷ್ಟ ಇಲ್ಲ. ಆದರೆ ಎರಡು ಮಾತು. ಹಾಗೆ ಕಾರನ್ನು ಪೂರ್ತಿ ಬೆನ್ನ ಮೇಲೆ ಹೊರುವ ಸಪಾಟು ಲಾರಿಯೇ ಫ್ಲಾಟ್‌ಬೆಡ್, ಆದರೆ ಫ್ಲಾಟ್‌ಬೆಡ್ ಅಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಮತ್ತೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕೆಲವು ಜಾಗದಲ್ಲಿ ಕಾಯುವುದೇ ಅಪಾಯ.

ಈ ಕಾರಿನ ಹೊಟ್ಟೆಯಲ್ಲಿ ಏನಿದೆ

ಎಂಜಿನ್ ಸೀಟಿನ ಹಿಂದೆ, ಆದರೆ ಹಿಂದಿನ ಆಕ್ಸಲ್‌ಗಿಂತ (ಹಿಂದಿನ ಚಕ್ರಗಳ ಅಚ್ಚಿಗಿಂತ) ಮುಂದೆ ಕೂತಿದ್ದರೆ ಅದು ನಡು ಎಂಜಿನ್ ಸ್ಪೋರ್ಟ್ಸ್ ಕಾರು. ಪೋರ್ಷೆ ಬಾಕ್ಸ್‌ಸ್ಟರ್, ಕೇಮನ್, ಆಡಿ ಆರ್8, ಲ್ಯಾಂಬೋರ್ಗಿನಿ ಹುರಾಕಾನ್, ಫೆರಾರಿ 458, ಮೆಕ್‌ಲಾರೆನ್ ಎಲ್ಲ ಇದೇ ಜಾತಿ. ಪೋರ್ಷೆ 911 ಅಲ್ಲ, ಅದರ ಎಂಜಿನ್ ಆಕ್ಸಲ್‌ಗೂ ಹಿಂದೆ. ಹಾಗೆ ನೋಡಿದರೆ ನಮ್ಮ ಊರೂರಿನ ಮಾರುತಿ ಓಮ್ನಿಯ ಎಂಜಿನ್ನೂ ಮುಂದಿನ ಸೀಟಿನ ಕೆಳಗೇ ಇತ್ತು, ಓಡುತ್ತಿದ್ದದ್ದೂ ಹಿಂದಿನ ಚಕ್ರದಿಂದಲೇ. ಅದನ್ನು ಹೇಗೆ ಎಳೆದರೂ ಯಾರೂ ಕೇಳುತ್ತಿರಲಿಲ್ಲ ಬಿಡಿ.

ಇಲ್ಲಿ ಕೇಳಬೇಕು. ಗೇರ್‌ಬಾಕ್ಸ್, ಎರಡು ಬದಿಯ ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಎರಡೂ ಎಂಜಿನ್‌ಗೆ ಅಂಟಿಕೊಂಡೇ ಹಿಂದೆ ಇರುತ್ತವೆ. ಹಿಂದಿನ ಚಕ್ರ ನೆಲದ ಮೇಲೆ ಉರುಳಿದರೆ ಗೇರ್‌ಬಾಕ್ಸಿನ ಒಳಗಿನ ಭಾಗಗಳೂ ತಿರುಗುತ್ತವೆ. ಎಂಜಿನ್ ನಿಂತಾಗ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನ ಎಣ್ಣೆಯೂ ಸರಿಯಾಗಿ ಓಡಾಡುವುದಿಲ್ಲ. ಎಣ್ಣೆ ಇಲ್ಲದೆ ಹತ್ತಿಪ್ಪತ್ತು ಕಿಲೋಮೀಟರ್ ತಿರುಗಿದರೆ ಸಣ್ಣ ರಿಪೇರಿಗೆ ಹೊರಟ ಕಾರು ಗೇರ್‌ಬಾಕ್ಸ್ ಕೆಲಸಕ್ಕೆ ಹೋಗಿ ನಿಲ್ಲುತ್ತದೆ.

ಇನ್ನೊಂದು ಸಂಗತಿ ಜನರ ಗಮನಕ್ಕೆ ಬರುವುದೇ ಇಲ್ಲ. ಬಾಕ್ಸ್‌ಸ್ಟರ್, ಕೇಮನ್‌ಗಳಲ್ಲಿ ಎಂಜಿನ್ ಹಿಂದೆ, ರೇಡಿಯೇಟರ್ ಮಾತ್ರ ಮುಂದಿನ ಬಂಪರಿನ ಮೂಲೆಗಳಲ್ಲಿ. ಕೂಲೆಂಟ್ ಪೈಪುಗಳು ಕಾರಿನ ಹೊಟ್ಟೆಯಡಿ, ಪ್ಲಾಸ್ಟಿಕ್ ಹೊದಿಕೆಯ ಒಳಗೆ ಉದ್ದಕ್ಕೂ ಹಾದುಹೋಗುತ್ತವೆ. ಸಿಕ್ಕಲ್ಲಿ ಜ್ಯಾಕ್ ಕೊಟ್ಟರೆ, ಸರಪಳಿ ಸುತ್ತಿದರೆ ಮೊದಲು ಜಜ್ಜಿಹೋಗುವುದು ಅವೇ. ಅದೂ ಅಲ್ಲೇ ಗೊತ್ತಾಗುವುದಿಲ್ಲ. ಕಾರು ರಿಪೇರಿಯಾಗಿ ಮತ್ತೆ ಓಡಿದ ಮೇಲೆ ಬಿಸಿ ಏರಿದಾಗ ಗೊತ್ತಾಗುತ್ತದೆ.

ಹಗ್ಗ ಕಟ್ಟಿ ಎಳೆಯುವುದು

ಇದು ಬೇಡ. ಎಂಜಿನ್ ನಿಂತಾಗ ಬ್ರೇಕ್ ಕಲ್ಲಿನಂತೆ ಗಟ್ಟಿ, ಸ್ಟೀರಿಂಗೂ ಭಾರ. ಬ್ಯಾಟರಿ ಸತ್ತಿದ್ದರೆ ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಬಿಡುವುದಿಲ್ಲ, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಪಾರ್ಕಿನಿಂದ ಹೊರಗೆ ಬರುವುದಿಲ್ಲ.

ಒಂದೇ ಒಂದು ವಿನಾಯಿತಿ ಇದೆ. ಕಾರವಾರದ ಕಾಳಿ ಸೇತುವೆಯ ಮೇಲೆ ಕಾರು ನಿಂತರೆ ಏನು ಮಾಡುತ್ತೀರಿ? 2024ರ ಆಗಸ್ಟ್ 6ರ ನಡುರಾತ್ರಿ ಕಳೆದು 7 ಶುರುವಾದ ಹೊತ್ತಿಗೆ ಹಳೇ ಸೇತುವೆ ಕುಸಿದ ಮೇಲೆ ಗೋವಾ ಕಡೆಯ ಗಾಡಿಯೂ ಕಾರವಾರ ಕಡೆಯ ಗಾಡಿಯೂ ಉಳಿದ ಒಂದು ಸೇತುವೆಯನ್ನೇ ನೆಚ್ಚಿಕೊಂಡವು. ಅಂಥ ಜಾಗದಲ್ಲಿ ಗೇರ್‌ಬಾಕ್ಸಿಗಿಂತ ಜೀವ ದೊಡ್ಡದು. ಬಿಣಗಾ ಸುರಂಗದ ಒಳಗೂ ಅಷ್ಟೇ. ನ್ಯೂಟ್ರಲ್‌ಗೆ ಬರುತ್ತದಾ ನೋಡಿ, ನಾಲ್ಕು ಜನ ಸೇರಿ ತಳ್ಳಿ. ತಳ್ಳಲು ಆಗದಿದ್ದರೆ ನಡಿಗೆಯ ವೇಗದಲ್ಲಿ ಎಳೆದು ಸೇತುವೆಯ ತುದಿ ಮುಟ್ಟಿಸಿ. ಅಲ್ಲಿಗೆ ಹಗ್ಗದ ಕೆಲಸ ಮುಗಿಯಿತು.

ಹೊಯ್ಗೆಯಲ್ಲಿ ಹೂತ ಕಾರಿನ ಕಥೆ ಬೇರೆ. ಕಡಲ ದಡಕ್ಕೆ ಕಾರು ಇಳಿಸುವ ಹುಚ್ಚು ಇನ್ನೂ ಹೋಗಿಲ್ಲ. ಈ ಜಾತಿಯ ಕಾರು ಹೂತರೆ ಹೊಟ್ಟೆಯೇ ಹೊಯ್ಗೆಯ ಮೇಲೆ ಕೂರುತ್ತದೆ. ಟ್ರ್ಯಾಕ್ಟರ್ ತಂದು ಜಗ್ಗಿದರೆ ಟೋಯಿಂಗ್ ಹುಕ್ ಕಿತ್ತು ಬರಬಹುದು, ಕೆಳಗಿನ ಹೊದಿಕೆ ಹರಿದು ಹೋಗಬಹುದು. ಚಕ್ರದ ಸುತ್ತ ತೋಡಿ, ಹೊಟ್ಟೆಯಡಿಯ ಹೊಯ್ಗೆ ತೆಗೆದು, ಚಕ್ರಕ್ಕೆ ಹಲಗೆ ಕೊಟ್ಟು, ಆಮೇಲೆ ನಿಧಾನ ಎಳೆಯಬೇಕು. ಭರತ ಏರುವ ಮೊದಲೇ ಇದೆಲ್ಲ ಆಗಬೇಕು ಅನ್ನುವುದನ್ನು ಕಡಲ ಬದಿಯವರಿಗೆ ಹೇಳಬೇಕಾಗಿಲ್ಲ.

ಕೊಕ್ಕೆ ಕ್ರೇನ್, ಅರ್ಧ ಎತ್ತುವ ಗಾಡಿ

ನಮ್ಮ ಹೆದ್ದಾರಿಯಲ್ಲಿ ಮೊದಲು ಸಿಗುವುದು ಇದೇ. 1033ಕ್ಕೆ ಫೋನ್ ಮಾಡಿದರೆ ಹೆದ್ದಾರಿಯವರ ಸಹಾಯ ಸಿಗುತ್ತದೆ. ಆದರೆ ಅವರ ಕೆಲಸ ರಸ್ತೆ ತೆರವು ಮಾಡುವುದು. ನಿಮ್ಮ ಕಾರನ್ನು ಬೆಂಗಳೂರಿಗೆ ಮುಟ್ಟಿಸುವುದಲ್ಲ. ಕ್ರೇನ್‌ನವರು ಲಾರಿ, ಬೊಲೆರೋ ಎತ್ತಿ ರೂಢಿಯಾದವರು. ಮುಂದಿನ ಚಕ್ರ ಎತ್ತಿ, ಹಿಂದಿನ ಚಕ್ರ ಉರುಳಿಸಿಕೊಂಡು ಹೊರಡುತ್ತಾರೆ. ಮುಂದಿನ ಚಕ್ರದಿಂದ ಓಡುವ ಮಾಮೂಲಿ ಕಾರಿಗೆ ಅದು ಸರಿ. ಈ ಕಾರಿಗೆ ಅದೇ ಉಲ್ಟಾ.

'ಹಾಗಾದರೆ ಹಿಂದಿನಿಂದ ಎತ್ತಿದರಾಯಿತಲ್ಲ?' ಅಂತ ಕೇಳುತ್ತಾರೆ. ಕಾಗದದ ಮೇಲೆ ಸರಿ. ಹಿಂಭಾಗ ಎತ್ತಿದ ಕೂಡಲೇ ಮೂತಿ ಕೆಳಗೆ ಬಾಗುತ್ತದೆ, ಮುಂದಿನ ತುಟಿ ರಸ್ತೆ ಉಜ್ಜುತ್ತದೆ. ಎತ್ತುವ ಬದಿಯಲ್ಲೇ ಸೈಲೆನ್ಸರ್, ಬಂಪರಿನಡಿ ಗಾಳಿ ಹಾಯಿಸುವ ಡಿಫ್ಯೂಸರ್, ಜೊತೆಗೆ ಕಾರಿನ ಹೆಚ್ಚಿನ ತೂಕ. ಮುಂದಿನ ಚಕ್ರ ನೇರ ನಿಲ್ಲುವಂತೆ ಸ್ಟೀರಿಂಗ್ ಕಟ್ಟಲೂ ಬೇಕು. ನಾಲ್ಕು ಚಕ್ರದ ಚಾಲನೆಯ ಹುರಾಕಾನ್, ಆರ್8 ಕ್ವಾಟ್ರೋ ತರಹದ ಕಾರಿಗೆ ಮುಂದಿನಿಂದಲೂ ಆಗದು, ಹಿಂದಿನಿಂದಲೂ ಆಗದು. ಫೆರಾರಿ ಎಸ್‌ಎಫ್90, ಲ್ಯಾಂಬೋರ್ಗಿನಿ ರೆವ್ಯೂಲ್ಟೊಗಳಲ್ಲಿ ಮುಂದಿನ ಚಕ್ರಕ್ಕೆ ಎಲೆಕ್ಟ್ರಿಕ್ ಮೋಟಾರ್ ಇದೆ. ಅವುಗಳ ಒಂದು ಚಕ್ರವನ್ನೂ ಉರುಳಿಸುವ ಯೋಚನೆ ಬೇಡ.

ಎತ್ತಿದ ಚಕ್ರ ಬಿಟ್ಟು ಉಳಿದ ಎರಡರ ಅಡಿ ಸಣ್ಣ ಗಾಲಿಯ ಟ್ರಾಲಿ ಇಟ್ಟು ಒಯ್ಯುವ ವಿಧಾನವೂ ಉಂಟು. ಊರೊಳಗೆ ಎರಡು ಕಿಲೋಮೀಟರ್‌ಗೆ ಪರವಾಗಿಲ್ಲ. ಘಟ್ಟಕ್ಕೆ ಖಂಡಿತ ಬೇಡ.

ಫ್ಲಾಟ್‌ಬೆಡ್: ಇಲ್ಲೇ ನಿಜವಾದ ಆಯ್ಕೆ

ಫ್ಲಾಟ್‌ಬೆಡ್‌ನಲ್ಲಿ ಎರಡು ಬಗೆ. ಒಂದರಲ್ಲಿ ಬೆಡ್ ಅಲುಗುವುದಿಲ್ಲ, ಹಿಂದೆ ಹಲಗೆಯೋ ಕಬ್ಬಿಣದ ರ‍್ಯಾಂಪೋ ಇಟ್ಟು ಕಾರು ಹತ್ತಿಸುತ್ತಾರೆ. ಇನ್ನೊಂದರಲ್ಲಿ ಬೆಡ್ ತಾನೇ ಹಿಂದಕ್ಕೆ ಜಾರಿ, ಬಾಗಿ, ತುದಿ ನೆಲ ಮುಟ್ಟುತ್ತದೆ. ಫೋನಿನಲ್ಲಿ ಎರಡನ್ನೂ ಫ್ಲಾಟ್‌ಬೆಡ್ ಅಂತಲೇ ಹೇಳುತ್ತಾರೆ. ವ್ಯತ್ಯಾಸ ಮಾತ್ರ ದೊಡ್ಡದು.

ಲೆಕ್ಕ ಹಾಕಿ ನೋಡಿ. ಬೆಡ್ ನೆಲದಿಂದ 1 ಮೀಟರ್ ಎತ್ತರ, ಇಳಿಜಾರು 6 ಮೀಟರ್ ಉದ್ದ ಅಂದರೆ ಸುಮಾರು 9.5 ಡಿಗ್ರಿ ಕೋನ. ಕಾರಿನ ಮುಂದಿನ ಚಕ್ರದಿಂದ ಮೂತಿಯ ತುದಿಗೆ 90 ಸೆಂ.ಮೀ. ಇದೆ ಅಂದುಕೊಳ್ಳಿ. ಚಕ್ರ ಇಳಿಜಾರಿನ ಬುಡಕ್ಕೆ ಬಂದಾಗ ಮೂತಿಯ ಕೆಳಗೆ ಇಳಿಜಾರು ಆಗಲೇ 15 ಸೆಂ.ಮೀ. ಏರಿರುತ್ತದೆ. ಮೂತಿ ಇರುವುದು ನೆಲದಿಂದ 12 ಸೆಂ.ಮೀ. ಆಚೆ ಈಚೆ. ಅಲ್ಲಿಗೆ ಬಂಪರ್ ಬಡಿಯಿತು. ಇಳಿಜಾರನ್ನು 8 ಮೀಟರ್‌ಗೆ ಉದ್ದ ಮಾಡಿದರೆ ಕೋನ 7 ಡಿಗ್ರಿಗೆ ಇಳಿಯುತ್ತದೆ, ಮೂತಿಯಡಿಯ ಏರು 11 ಸೆಂ.ಮೀ. ಆಸುಪಾಸಿಗೆ ಬರುತ್ತದೆ. ಕೂದಲೆಳೆಯಲ್ಲಿ ಪಾರು. ನಮ್ಮಲ್ಲಿ ಸಿಗುವ ಹಲಗೆಗಳೋ ಎರಡು, ಮೂರು ಮೀಟರ್ ಇದ್ದರೆ ಜಾಸ್ತಿ! ಅದರ ಮೇಲೆ ಸ್ಪೋರ್ಟ್ಸ್ ಕಾರು ಹತ್ತಿಸುವ ಮಾತೇ ಇಲ್ಲ.

ಹಲಗೆಯ ಗಾಡಿಗೆ ಎರಡನೇ ತೊಂದರೆ ಮೇಲೆ ಕಾದಿರುತ್ತದೆ. ಹಲಗೆ ಮುಗಿದು ಬೆಡ್ ಶುರುವಾಗುವ ಕಡೆ ಒಂದು ಏಣು ಇರುತ್ತದಲ್ಲ, ಮುಂದಿನ ಚಕ್ರ ದಾಟಿದ ಮೇಲೆ ಕಾರಿನ ಹೊಟ್ಟೆ ಅದರ ಮೇಲೆ ಕೂರುತ್ತದೆ. ಆಗಲೇ ಹೇಳಿದ ಪೈಪುಗಳು ಇರುವುದು ಅಲ್ಲೇ. ಬಾಗುವ ಬೆಡ್‌ನಲ್ಲಿ ಬುಡದಿಂದ ತುದಿವರೆಗೆ ಒಂದೇ ಸಮತಟ್ಟು, ಏಣೇ ಇಲ್ಲ. ಹಾಗಾಗಿ ಬುಡದ ಕೋನ ಒಂದನ್ನು ನೋಡಿಕೊಂಡರೆ ಸಾಕು. ಬೆಡ್‌ನ ತುದಿಗೆ ಎರಡು ದಪ್ಪ ಉದ್ದ ಹಲಗೆ ಜೋಡಿಸಿದರೆ ಅದೂ ತಗ್ಗುತ್ತದೆ. ಲಾರಿಯ ಹಿಂದಿನ ಚಕ್ರ ತಗ್ಗಿನಲ್ಲೂ ಕಾರು ಸ್ವಲ್ಪ ಎತ್ತರದಲ್ಲೂ ನಿಂತರೆ ಇನ್ನೂ ಒಳ್ಳೆಯದು. ಹೆದ್ದಾರಿಗಿಂತ ಸರ್ವಿಸ್ ರಸ್ತೆ ತಗ್ಗಿರುವ ಕಡೆ ಇಂಥ ಜಾಗ ಹುಡುಕಿದರೆ ಸಿಗುತ್ತದೆ. ಕಾರಿಗೆ ಮೂತಿ ಎತ್ತುವ ಸ್ವಿಚ್ ಇದ್ದು ಬ್ಯಾಟರಿ ಬದುಕಿದ್ದರೆ ಮೊದಲು ಅದನ್ನು ಒತ್ತಿ.

ಹತ್ತಿಸುವುದು ವಿಂಚ್‌ನಿಂದ, ಅಂದರೆ ಲಾರಿಯ ಮೇಲಿನ ಹಗ್ಗ ಸುತ್ತಿ ಎಳೆಯುವ ಯಂತ್ರದಿಂದ. ಎಂಜಿನ್ ಹಿಂದಿರುವುದರಿಂದ ಈ ಕಾರುಗಳಿಗೆ ಮುಂದೆಯೂ ಡಿಕ್ಕಿ, ಟೋಯಿಂಗ್ ಹುಕ್ ಸಾಮಾನ್ಯವಾಗಿ ಅಲ್ಲಿಯ ಟೂಲ್‌ಕಿಟ್ಟಿನಲ್ಲಿ ಇರುತ್ತದೆ. ಬಂಪರಿನಲ್ಲಿ ಒಂದು ಸಣ್ಣ ಮುಚ್ಚಳ ತೆಗೆದು ಅಲ್ಲಿ ತಿರುಗಿಸಿ ಕೂರಿಸಬೇಕು. ಕೆಲವು ಜರ್ಮನ್ ಕಾರುಗಳಲ್ಲಿ ತಿರುಪಿನ ಮರೆ ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಬಲಕ್ಕೆ ತಿರುಗಿಸಿ 'ಕೂರುತ್ತಿಲ್ಲ' ಅಂತ ಬಡಿಯಬೇಡಿ. ಪೂರ್ತಿ ಒಳಗೆ ಹೋಗುವ ತನಕ ಬಿಗಿಯಬೇಕು, ಅರ್ಧಕ್ಕೆ ನಿಂತ ಹುಕ್ ಬಾಗುತ್ತದೆ. ಹುಕ್ ಕಾರಿನ ಒಂದು ಬದಿಗೆ ಇರುವುದರಿಂದ ಎಳೆದಾಗ ಮೂತಿ ವಾಲುತ್ತದೆ, ಅದಕ್ಕೇ ಒಳಗೆ ಒಬ್ಬರು ಸ್ಟೀರಿಂಗ್ ಹಿಡಿದು ಕೂರಬೇಕು. ಹಿಂದಿನ ಚಕ್ರ ಲಾಕ್ ಆಗಿ ಬಿಡದಿದ್ದರೆ ಅವುಗಳಡಿ ಗಾಲಿ ಟ್ರಾಲಿ ಇಟ್ಟು ಹತ್ತಿಸಬೇಕು. ಟಯರ್ ಉಜ್ಜಿಕೊಂಡು ಎಳೆಯುವುದಲ್ಲ.

ಇಲ್ಲಿ ಒಂದು ಸಿಕ್ಕು ಇದೆ. ಬಾಕ್ಸ್‌ಸ್ಟರ್, ಕೇಮನ್‌ಗಳ ಬ್ಯಾಟರಿ ಇರುವುದೂ ಮುಂದಿನ ಡಿಕ್ಕಿಯಲ್ಲೇ. ಬ್ಯಾಟರಿ ಪೂರ್ತಿ ಸತ್ತರೆ ಡಿಕ್ಕಿ ತೆರೆಯುವುದಿಲ್ಲ, ಡಿಕ್ಕಿ ತೆರೆಯದೆ ಹುಕ್ ಸಿಗುವುದಿಲ್ಲ! ಅದಕ್ಕೆಂದೇ ಅನೇಕ ಮಾಡೆಲ್‌ಗಳಲ್ಲಿ ಡ್ರೈವರ್ ಕಾಲಿನ ಬದಿಯ ಫ್ಯೂಸ್ ಪೆಟ್ಟಿಗೆಯಲ್ಲಿ ಹೊರಗೆ ಎಳೆಯುವ ಒಂದು ಪ್ಲಸ್ ತುದಿ ಕೊಟ್ಟಿದ್ದಾರೆ. ಇನ್ನೊಂದು ಬ್ಯಾಟರಿಯ ಪ್ಲಸ್ ಅನ್ನು ಅಲ್ಲಿಗೆ, ಮೈನಸ್ ಅನ್ನು ಕಾರಿನ ಬರಿಯ ಲೋಹಕ್ಕೆ ಕೊಟ್ಟು ಡಿಕ್ಕಿಯ ಬಟನ್ ಒತ್ತಿದರೆ ಬಾಯಿ ಬಿಡುತ್ತದೆ. ಇದು ಡಿಕ್ಕಿ ತೆರೆಯಲು ಮಾತ್ರ, ಎಂಜಿನ್ ಸ್ಟಾರ್ಟ್ ಮಾಡಲು ಅಲ್ಲ. ನಿಮ್ಮ ಕಾರಿನಲ್ಲಿ ಅದು ಎಲ್ಲಿದೆ ಅಂತ ಮನೆಯಲ್ಲಿರುವಾಗಲೇ ಪುಸ್ತಕ ತೆಗೆದು ನೋಡಿಕೊಳ್ಳಿ. ಪುಸ್ತಕವನ್ನೂ ಮುಂದಿನ ಡಿಕ್ಕಿಯಲ್ಲೇ ಇಡಬೇಡಿ.

ಕಟ್ಟುವುದು ಟಯರಿಗೆ

ಹತ್ತಿಸಿದ ಮೇಲೆ ಕಾರು ಬೆಡ್‌ನ ಮುಂದಕ್ಕೆ ಬರಲಿ. ಈ ಕಾರಿನ ತೂಕ ಹಿಂಭಾಗದಲ್ಲಿ. ಲಾರಿಯ ಹಿಂದಿನ ಚಕ್ರ ದಾಟಿ ಚಾಚಿದ ಬೆಡ್‌ನ ಭಾಗದ ಮೇಲೆ ಆ ತೂಕ ಬಿದ್ದರೆ ಸಣ್ಣ ಲಾರಿಯ ಮುಂದಿನ ಚಕ್ರ ಹಗುರಾಗುತ್ತದೆ, ಘಟ್ಟ ಹತ್ತುವಾಗ ಸ್ಟೀರಿಂಗ್ ಹಿಡಿತ ಕಡಿಮೆಯಾಗುತ್ತದೆ.

ಬೆಲ್ಟ್ ಸುತ್ತಬೇಕಾದ್ದು ಟಯರಿನ ಮೇಲೆ. ಟಯರಿನ ಮೈಮೇಲಿಂದ ಹಾದು, ಮುಂದೆ ಹಿಂದೆ ಎರಡೂ ಕಡೆ ಬೆಡ್‌ಗೆ ಸಿಕ್ಕಿಸುವ ಬೆಲ್ಟ್. ನಾಲ್ಕು ಚಕ್ರಕ್ಕೆ ನಾಲ್ಕು. ಹೀಗೆ ಕಟ್ಟಿದರೆ ಕಾರು ತನ್ನ ಸಸ್ಪೆನ್ಷನ್ ಮೇಲೆ ಆಡಿಕೊಂಡಿರುತ್ತದೆ, ಚಕ್ರ ಮಾತ್ರ ಅಲುಗುವುದಿಲ್ಲ. ಕೆಳಗಿನ ಅಲ್ಯೂಮಿನಿಯಂ ಆರ್ಮ್‌ಗೆ ಕಬ್ಬಿಣದ ಕೊಕ್ಕೆ ಹಾಕಿ ಜಗ್ಗಿದರೆ ಅದು ಗೀರುತ್ತದೆ, ಕೆಲವೊಮ್ಮೆ ಬಾಗುತ್ತದೆ. ಅಲಾಯ್ ಚಕ್ರದ ಕಡ್ಡಿಗಳ ನಡುವೆ ಬೆಲ್ಟ್ ತೂರಿಸುವುದೂ ಬೇಡ. ಒಳಗೆ ಸೆರಾಮಿಕ್ ಬ್ರೇಕ್ ಡಿಸ್ಕ್ ಇದ್ದರಂತೂ ಕೊಕ್ಕೆ ತಾಗಿದರೂ ಅಂಚು ಚಕ್ಕೆ ಏಳಬಹುದು. ಆ ಡಿಸ್ಕಿನ ಬೆಲೆ ಟೋಯಿಂಗ್ ಬಾಡಿಗೆಗೆ ಹೋಲಿಸುವಂಥದ್ದಲ್ಲ.

ಸ್ವಂತ ಟ್ರೇಲರ್

ಹೊರದೇಶಗಳಲ್ಲಿ ಜನ ಇದನ್ನೇ ಮಾಡುತ್ತಾರೆ, ಎಸ್‌ಯುವಿ ಹಿಂದೆ ಟ್ರೇಲರ್ ಕಟ್ಟಿ ರೇಸ್ ಟ್ರ್ಯಾಕಿಗೆ ಹೊರಡುತ್ತಾರೆ. ನಮ್ಮಲ್ಲೂ ಕೆಲವು ಶೋಕಿದಾರರು ಶುರು ಮಾಡಿದ್ದಾರೆ. ಟ್ರೇಲರಿಗೂ ರಿಜಿಸ್ಟ್ರೇಷನ್ ಬೇಕು ಅನ್ನುವುದು ಮೊದಲು ನೆನಪಿರಲಿ. ಅದಕ್ಕಿಂತ ಮುಖ್ಯ, ತೂಕ ಕೂರಿಸುವ ಲೆಕ್ಕ.

ಟ್ರೇಲರ್ ನೆಟ್ಟಗೆ ಬರಬೇಕಾದರೆ ಅದರ ಮೂಗಿನ ಭಾರ ಎಳೆಯುವ ಗಾಡಿಯ ಹುಕ್ಕಿನ ಮೇಲೆ ಸ್ವಲ್ಪ ಇರಲೇಬೇಕು. ಅಮೆರಿಕದಲ್ಲಿ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಅನ್ನುತ್ತಾರೆ. ಅದು ಕಡಿಮೆಯಾದರೆ ಟ್ರೇಲರ್ ಬಾಲ ಅಲ್ಲಾಡಿಸತೊಡಗುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಎಳೆಯುವ ಗಾಡಿಯನ್ನೇ ಅಡ್ಡ ತಿರುಗಿಸುತ್ತದೆ.

ಮುಂದೆ ಎಂಜಿನ್ ಇರುವ ಕಾರಿನ ತೂಕ ಮುಂದೆ 60, ಹಿಂದೆ 40 ಪಾಲು ಅಂತಿಟ್ಟುಕೊಳ್ಳಿ. ನಡು ಎಂಜಿನ್ ಕಾರಿನದು 45, 55. ಎರಡಕ್ಕೂ ಕೇಮನ್‌ನ 2,475 ಮಿ.ಮೀ. ವ್ಹೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಇಟ್ಟುಕೊಂಡು ಲೆಕ್ಕ ಮಾಡಿದರೆ, ಚಕ್ರವನ್ನು ಅದೇ ಜಾಗದಲ್ಲಿ ನಿಲ್ಲಿಸಿದರೂ ತೂಕದ ನಡುಬಿಂದು ಸುಮಾರು 37 ಸೆಂ.ಮೀ. ಹಿಂದೆ ಸರಿಯುತ್ತದೆ. 1,350 ಕಿಲೋ ಕಾರು, ಹುಕ್ಕಿನಿಂದ ಟ್ರೇಲರ್ ಆಕ್ಸಲ್‌ಗೆ ಮೂರೂವರೆ ಮೀಟರ್ ಅಂತಾದರೆ ಮೂಗಿನ ಭಾರದಲ್ಲಿ ಸುಮಾರು 140 ಕಿಲೋ ಖೋತಾ! ಅಂದರೆ ಹೋಂಡಾ ಸಿಟಿ ನಿಲ್ಲಿಸಿದ ಗುರುತಿಗೇ ಕೇಮನ್ ನಿಲ್ಲಿಸಿದರೆ ಬಾಲ ಅಲ್ಲಾಡುತ್ತದೆ. ಕಾರನ್ನು ಅಷ್ಟು ಮುಂದೆ ತರಬೇಕು. ಟ್ರೇಲರಿನಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಕಾರನ್ನು ಹಿಂದುಮುಂದಾಗಿ ಹತ್ತಿಸಿ, ಎಂಜಿನ್ ಇರುವ ಭಾಗ ಎಳೆಯುವ ಗಾಡಿಯ ಕಡೆಗೆ ಬರುವ ಹಾಗೆ ನೋಡಿಕೊಳ್ಳಬೇಕು. ಹಾಗೆ ಮಾಡಿದಾಗ ಮೂಗಿನ ಭಾರ ಅತಿಯಾಗುತ್ತದಾ ಅಂತಲೂ ಪರೀಕ್ಷಿಸಿ.

ಇಷ್ಟೆಲ್ಲ ಸರಿ ಮಾಡಿದರೂ ದೇವಿಮನೆ ಘಟ್ಟ, ಅಣಶಿ ಘಟ್ಟದ ತಿರುವುಗಳಲ್ಲಿ ಎದುರಿನಿಂದ ಬಸ್ಸು ಬಂದಾಗ ಟ್ರೇಲರ್ ರಿವರ್ಸ್ ತೆಗೆಯುವವರು ಯಾರು? ಕರಾವಳಿಯ ಸಪಾಟು ರಸ್ತೆಗೆ ಟ್ರೇಲರ್ ಸರಿ. ಘಟ್ಟಕ್ಕೆ ನಾನು ಶಿಫಾರಸು ಮಾಡುವುದಿಲ್ಲ.

ಮುಚ್ಚಿದ ಕಂಟೇನರ್, ರೈಲು

ಕಂಟೇನರ್ ಲಾರಿ ಕೆಟ್ಟ ಕಾರಿಗಲ್ಲ, ಮೊದಲೇ ಯೋಜನೆ ಮಾಡಿ ಸಾಗಿಸುವವರಿಗೆ. ಮಳೆ, ಕೆಸರು, ಕಲ್ಲು ಯಾವುದೂ ತಾಗುವುದಿಲ್ಲ. ಹೈಡ್ರಾಲಿಕ್ ಲಿಫ್ಟ್ ಇರುವಂಥದ್ದಾದರೆ ಕೋನದ ಚಿಂತೆಯೂ ಇಲ್ಲ. ಆದರೆ ಉದ್ದದ ಗಾಡಿ ಶಿರಸಿಯ ಒಳರಸ್ತೆಗೆ ಬರುವುದಿಲ್ಲ, ದಿನ ಹೊಂದಿಸಬೇಕು. ಕೊಂಕಣ ರೈಲ್ವೆ 2025ರ ಗಣೇಶ ಹಬ್ಬಕ್ಕೆ ಕೊಲಾಡ್‌ನಿಂದ ಗೋವಾದ ವೆರ್ಣಾಕ್ಕೆ ಕಾರುಗಳನ್ನು ವ್ಯಾಗನ್ ಮೇಲೆ ಒಯ್ಯುವ ಸೇವೆ ಶುರು ಮಾಡಿತು. ಓಡುವ ಮಾಮೂಲಿ ಕಾರಿಗೆ ಚೆನ್ನ. ಕೆಟ್ಟು ನಿಂತ ಕಾರಿನವರಿಗೆ ಅದರಿಂದ ಉಪಯೋಗ ಇಲ್ಲ.

ಎಲ್ಲಿ ಕಾಯುವುದು, ಯಾವ ದಾರಿ

ಸರಿಯಾದ ಗಾಡಿ ಹುಬ್ಬಳ್ಳಿಯಿಂದಲೋ ಗೋವಾದಿಂದಲೋ ಮಂಗಳೂರಿನಿಂದಲೋ ಬರಬೇಕಾಗಬಹುದು. ಅಂದರೆ ಕಾಯುವುದು ಗ್ಯಾರಂಟಿ. ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡದಲ್ಲಿ ಮಾತ್ರ ಕಾಯಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜಾರಿದಾಗ ಸಿಕ್ಕಿಹಾಕಿಕೊಂಡದ್ದು ರಸ್ತೆ ಬದಿಯ ಚಾ ಅಂಗಡಿ ಮತ್ತು ಅಲ್ಲಿ ನಿಂತ ಗಾಡಿಗಳು. ಗುಡ್ಡದ ಬುಡದಲ್ಲಿ ಕಾರು ಕೆಟ್ಟರೆ ಅದನ್ನು ಬಿಟ್ಟು ಜನ ಮೊದಲು ಬಯಲಿಗೆ ಹೋಗಬೇಕು. ಬಯಲು, ಪೆಟ್ರೋಲ್ ಬಂಕ್, ಟೋಲ್ ಹತ್ತಿರದ ಅಗಲ ಜಾಗ ಕಾಯಲು ಒಳ್ಳೆಯದು. ಹಟ್ಟಿಕೇರಿ, ಹೊಳೆಗದ್ದೆ ಟೋಲ್‌ಗಳ ಬಳಿ ಬೆಳಕೂ ಇರುತ್ತದೆ, ಲಾರಿ ತಿರುಗಿಸಲು ಜಾಗವೂ ಇರುತ್ತದೆ.

ಫೋನ್ ಮಾಡಿದಾಗ ಸುಮ್ನೆ 'ಫ್ಲಾಟ್‌ಬೆಡ್ ಇದೆಯಾ' ಅನ್ನಬೇಡಿ. 'ಅಣ್ಣಾ, ಬೆಡ್ ಹಿಂದಕ್ಕೆ ಜಾರುತ್ತದಾ? ಉದ್ದ ಎಷ್ಟು? ಟಯರ್ ಬೆಲ್ಟ್ ನಾಲ್ಕು ಇವೆಯಾ? ಗಾಲಿ ಟ್ರಾಲಿ ತರುತ್ತೀರಾ?' ಅಂತ ಕೇಳಿ. 'ಎಲ್ಲಾ ಆಗ್ತದೆ ಸರ್, ನೀವು ಟೆನ್ಷನ್ ಮಾಡ್ಬೇಡಿ' ಅಂತಷ್ಟೇ ಉತ್ತರ ಬಂದರೆ ಬೆಡ್‌ನ ಫೋಟೋ ಕಳಿಸಲು ಹೇಳಿ. ಫೋಟೋ ಕಳಿಸುವವರು ಕೆಲಸ ಗೊತ್ತಿದ್ದವರು. ವಿಮೆಯ ರಸ್ತೆ ಸಹಾಯ ಇದ್ದರೆ ಎಷ್ಟು ಕಿಲೋಮೀಟರ್ ತನಕ ಉಚಿತ ಅಂತ ಕೇಳಿ. ಕಾರವಾರದಿಂದ ಬೆಂಗಳೂರು 500 ಕಿಲೋಮೀಟರ್‌ಗೂ ಜಾಸ್ತಿ, ಇಂಥ ಅನೇಕ ಕಾರುಗಳ ಕಂಪನಿ ವರ್ಕ್‌ಶಾಪ್ ಅದಕ್ಕಿಂತ ಹತ್ತಿರ ಸಿಗುವುದು ಕಷ್ಟ.

ಘಟ್ಟ ಹತ್ತಲು ನನ್ನ ಮೊದಲ ಆಯ್ಕೆ ಅಂಕೋಲಾ ಬಾಳೆಗುಳಿಯಿಂದ ಅರಬೈಲ್ ದಾರಿ. ಲಾರಿಗಳ ದಾರಿಯೇ ಅದು, ತಿರುವು ಇದ್ದರೂ ಅಗಲ ಇದೆ. ಕುಮಟಾದಿಂದ ಶಿರಸಿಯ ದಾರಿ ಕಾಮಗಾರಿ, ಮಳೆ ಅಂತ ಆಗಾಗ ಬಂದ್ ಆಗುತ್ತದೆ, ಹೊರಡುವ ಮೊದಲು ವಿಚಾರಿಸಿ. ಹೊನ್ನಾವರದ ಕಡೆ ನಿಂತವರಿಗೆ ಗೇರುಸೊಪ್ಪ ದಾರಿ ಹತ್ತಿರ. ಯಾವುದೇ ಇರಲಿ, ಘಟ್ಟದ ಬುಡದಲ್ಲಿ ಒಮ್ಮೆ ನಿಲ್ಲಿಸಿ ನಾಲ್ಕೂ ಬೆಲ್ಟ್ ಕೈಯಿಂದ ಜಗ್ಗಿ ನೋಡಲು ಡ್ರೈವರಿಗೆ ಹೇಳಿ. ಹೊರಟಾಗ ಬಿಗಿ ಇದ್ದದ್ದು ಟಯರ್ ಕೂತ ಮೇಲೆ ಸಡಿಲಾಗುವುದು ಸಾಮಾನ್ಯ.

ಹತ್ತಿಸುವ ಮೊದಲು ನಾಲ್ಕೂ ಬದಿಯಿಂದ, ಚಕ್ರದ ಹತ್ತಿರದಿಂದ, ಮೂತಿಯಡಿಯಿಂದ ಫೋಟೋ ತೆಗೆದುಕೊಳ್ಳಿ. ಲಾರಿಯವರ ಎದುರೇ ತೆಗೆಯಿರಿ, ಆಮೇಲೆ ಜಗಳಕ್ಕೆ ಜಾಗ ಇರುವುದಿಲ್ಲ. ಮತ್ತೆ, ಗೋವಾದಿಂದ ಬರುವ ಕಾರಾದರೆ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಅಬಕಾರಿಯವರು ಲಾರಿಯ ಮೇಲಿನ ಕಾರನ್ನೂ ತೆರೆದು ನೋಡಬಹುದು. ಈ ಕಾರುಗಳಲ್ಲಿ ಕೆಲವಕ್ಕೆ ಎರಡು ಡಿಕ್ಕಿ. ಬಾಟಲಿ ಇದ್ದರೆ ಅಲ್ಲೇ ಇಳಿಸಿ ಬನ್ನಿ, ಇಲ್ಲದಿದ್ದರೂ ಕೀಲಿಯನ್ನೂ ಆರ್‌ಸಿ ಪ್ರತಿಯನ್ನೂ ಲಾರಿಯ ಡ್ರೈವರ್ ಕೈಗೆ ಕೊಟ್ಟು, ಸತ್ತ ಬ್ಯಾಟರಿಯ ಡಿಕ್ಕಿ ತೆರೆಯುವುದು ಹೇಗೆಂದು ತೋರಿಸಿಬಿಡಿ.